18ನೇ ಸ್ಥಾನ, ಹತ್ತು ಪಂದ್ಯ ಬಾಕಿ: ನಮ್ಮ ತಂಡ ಉಳಿಯುತ್ತದೆ ಎಂದು ಗೆಳೆಯನನ್ನು ಒಪ್ಪಿಸುವುದು ಹೇಗೆ?

ಒಪ್ಪಿಸಲು ಹೋಗಬೇಡಿ. "ಮಾತೆತ್ತಿದರೆ ಇಳಿಯುತ್ತೇವೆ ಎನ್ನುವ ಅವನನ್ನು ಬಳಗದಿಂದಲೇ ತೆಗೆದುಹಾಕೋಣ ಎನ್ನಿಸುತ್ತಿದೆ" ಎಂದು ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ನನ್ನ ಗೆಳೆಯನೊಬ್ಬನ ವಿಷಯದಲ್ಲಿ ಆ ಕೆಲಸವನ್ನು ನಾನು 2023ರ ಫೆಬ್ರುವರಿಯಲ್ಲಿ ಮಾಡಿ ಮುಗಿಸಿದ್ದೇನೆ.

ನನ್ನದು ಇಂಗ್ಲೆಂಡಿನ ಫುಟ್‌ಬಾಲ್ ತಂಡ ಲೆಸ್ಟರ್ ಸಿಟಿ. ಅಲ್ಲಿನ ಅತಿ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಇಪ್ಪತ್ತು ತಂಡಗಳು, ಕೊನೆಯ ಮೂರು ಕೆಳಗಿನ ಲೀಗ್‌ಗೆ ಇಳಿಯುತ್ತವೆ. ಈ ತಂಡದ ಹುಚ್ಚು ಹಿಡಿಸಿದವನು ಆ ಗೆಳೆಯನೇ. 2014–15ರ ಋತುವಿನಲ್ಲಿ ಲೆಸ್ಟರ್ ಪಟ್ಟಿಯ ತಳದಲ್ಲಿತ್ತು, ಒಂಬತ್ತು ಪಂದ್ಯ ಬಾಕಿ ಇತ್ತು. "ಇವರು ಉಳಿಯುತ್ತಾರೆ, ನೋಡುತ್ತಿರು" ಎಂದು ಅವನು ಆಗ ನನ್ನನ್ನು ಎಳೆದುಕೊಂಡು ಬಂದು ಕೂರಿಸಿದ. ಆ ಒಂಬತ್ತರಲ್ಲಿ ಏಳನ್ನು ಗೆದ್ದರು. 41 ಪಾಯಿಂಟ್‌ಗಳೊಂದಿಗೆ 14ನೇ ಸ್ಥಾನಕ್ಕೆ ಏರಿದರು. ಮರುವರ್ಷ ಅದೇ ತಂಡ ಪ್ರೀಮಿಯರ್ ಲೀಗ್ ಗೆದ್ದಿತು. ಕಾಲ್ಚೆಂಡನ್ನು ಪ್ರೀತಿಸಲು ಕಲಿತದ್ದೇ ಹೀಗಾದರೆ, ಕೊನೆಯ ಕ್ಷಣದಲ್ಲಿ ಏನೋ ಒಂದು ನಡೆದೇ ನಡೆಯುತ್ತದೆ ಎಂಬ ನಂಬಿಕೆ ರಕ್ತದಲ್ಲಿ ಸೇರಿಬಿಡುತ್ತದೆ.

2023ರ ಫೆಬ್ರುವರಿಗೆ ಬರುತ್ತೇನೆ. ಆಸ್ಟನ್ ವಿಲ್ಲಾ ತಂಡವನ್ನು ಅವರದೇ ಅಂಗಳದಲ್ಲಿ 4–2ರಿಂದ ಸೋಲಿಸಿದ್ದೆವು. ಮುಂದಿನ ವಾರ, 11ರಂದು, ಟಾಟೆನ್‌ಹ್ಯಾಮ್ ವಿರುದ್ಧ 4–1. ನಮ್ಮ ಚಾಟ್ ಬಳಗದಲ್ಲಿ ಹಬ್ಬದ ವಾತಾವರಣ. ಆಗ ಗೆಳೆಯ ಬರೆದ: "ಎರಡೂ ಪಂದ್ಯಗಳಲ್ಲಿ ಮೊದಲ ಗೋಲು ಬಿಟ್ಟುಕೊಟ್ಟವರು ನಾವೇ. ಈ ರಕ್ಷಣಾ ವಿಭಾಗವನ್ನು ನಂಬಿಕೊಂಡರೆ ಈ ವರ್ಷ ಇಳಿಯುತ್ತೇವೆ."

ನಾನು ಕೆರಳಿದೆ. ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದು ಎರಡು ವರ್ಷವೂ ಆಗಿರಲಿಲ್ಲ. ಮ್ಯಾಡಿಸನ್, ವಾರ್ಡಿ, ಟೀಲೆಮನ್ಸ್, ಬಾರ್ನ್ಸ್ ಇರುವ ತಂಡ ಇಳಿಯುವುದುಂಟೇ? ಅವನ ಮಾತು ಸುಳ್ಳೆಂದು ತೋರಿಸಲು ನೋಟ್‌ಬುಕ್ ತೆರೆದು ಲೆಕ್ಕ ಬರೆದೆ. ನನ್ನ ತಪ್ಪು ಆ ಲೆಕ್ಕದಲ್ಲಿತ್ತು. ನೀವೂ ಈಗ ಅದೇ ಲೆಕ್ಕ ಮಾಡುತ್ತಿರುವುದರಿಂದ ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

22 ಪಂದ್ಯಗಳಲ್ಲಿ 24 ಪಾಯಿಂಟ್ ಆಗಿತ್ತು. 16 ಪಂದ್ಯ ಬಾಕಿ. ಪ್ರತಿ ಎದುರಾಳಿಯ ಹೆಸರಿನ ಮುಂದೆ ಒಂದೊಂದು ಅಂಕಿ ಬರೆದೆ. ಸೌತಾಂಪ್ಟನ್, ಕ್ರಿಸ್ಟಲ್ ಪ್ಯಾಲೇಸ್, ಬೋರ್ನ್‌ಮೌತ್, ವುಲ್ವ್ಸ್, ವೆಸ್ಟ್ ಹ್ಯಾಮ್: ಐದೂ ಗೆಲುವು, 15 ಪಾಯಿಂಟ್. ಬ್ರೆಂಟ್‌ಫರ್ಡ್, ವಿಲ್ಲಾ, ಲೀಡ್ಸ್, ಎವರ್ಟನ್, ಫುಲ್‌ಹ್ಯಾಮ್: ಐದು ಡ್ರಾ, 5 ಪಾಯಿಂಟ್. ಮ್ಯಾಂಚೆಸ್ಟರ್‌ನ ಎರಡು ತಂಡಗಳು, ಆರ್ಸೆನಲ್, ಚೆಲ್ಸಿ, ಲಿವರ್‌ಪೂಲ್, ನ್ಯೂಕಾಸಲ್: ಸೊನ್ನೆ. ದೊಡ್ಡ ತಂಡಗಳ ಎದುರು ಸೊನ್ನೆ ಬರೆದುಕೊಂಡದ್ದರಿಂದ ನಾನು ಬಹಳ ಎಚ್ಚರದಿಂದ ಲೆಕ್ಕ ಹಾಕಿದ್ದೇನೆ ಎಂದೇ ನಂಬಿದ್ದೆ. ಒಟ್ಟು 44. ಚಿಂತೆಯೇ ಇಲ್ಲ.

ಈಗ ನೋಡಿ. "ಇದನ್ನು ಗೆಲ್ಲಬಹುದು" ಎಂದು ನಾವು ಹೇಳುವ ಪಂದ್ಯದಲ್ಲಿ, ತಳದ ಹತ್ತಿರ ಒದ್ದಾಡುವ ತಂಡ ಗೆಲ್ಲುವ ಸಾಧ್ಯತೆ ನೂರಕ್ಕೆ ನಲವತ್ತು ಎಂದಿಟ್ಟುಕೊಳ್ಳಿ. ಡ್ರಾ ಇಪ್ಪತ್ತೈದು. ಹಾಗಾದರೆ ಆ ಪಂದ್ಯದ ನಿಜವಾದ ಬೆಲೆ 1.45 ಪಾಯಿಂಟ್. ನಾನು ಬರೆದದ್ದು 3. ಅಂಥ ಐದು ಪಂದ್ಯಗಳ ಬೆಲೆ ಏಳು ಚಿಲ್ಲರೆ, ನಾನು ಜಮಾ ಮಾಡಿಕೊಂಡದ್ದು 15. ಸೊನ್ನೆ ಎಂದು ಬರೆದ ಪಂದ್ಯಗಳಿಗೂ ಅರ್ಧರ್ಧ ಪಾಯಿಂಟ್ ಬೆಲೆ ಇರುತ್ತದೆ, ನಿಜ. ಅದನ್ನೆಲ್ಲ ಸೇರಿಸಿ ಪ್ರಾಮಾಣಿಕವಾಗಿ ಕೂಡಿದರೆ ಸುಮಾರು 39 ಬರುತ್ತದೆ. ಅಲ್ಲಿಗೂ ಲೆಕ್ಕ ಮುಗಿಯುವುದಿಲ್ಲ. 16 ಪಂದ್ಯಗಳಲ್ಲಿ ಐದು ಪಾಯಿಂಟ್ ಮೇಲೆ ಹೋಗುವುದು, ಐದು ಪಾಯಿಂಟ್ ಕೆಳಗೆ ಬೀಳುವುದು ತೀರಾ ಸಹಜ. 39ರಿಂದ ಐದು ಕಳೆದರೆ 34. ನಾವು ಋತು ಮುಗಿಸಿದ್ದು ಸರಿಯಾಗಿ 34ಕ್ಕೆ. ಅಂದರೆ ನಾನು ಅಸಾಧ್ಯ ಎಂದು ಕೂಗಾಡಿದ ಸಂಗತಿ, ಮಾಮೂಲಿ ಏರಿಳಿತದ ಒಳಗೇ ಇತ್ತು.

ಇನ್ನೊಂದು ಸಂಗತಿಯನ್ನೂ ಆ ಒಂಟಿ ಅಂಕಿ ಮುಚ್ಚಿಟ್ಟಿತ್ತು. ಎವರ್ಟನ್ ಮುಂದೆ 1 ಎಂದು ಬರೆದೆನಲ್ಲ, ಎವರ್ಟನ್ ಖಾತೆಗೂ ಅಲ್ಲಿ 1 ಹೋಗುತ್ತದೆ ಎಂಬುದು ನನ್ನ ನೋಟ್‌ಬುಕ್‌ನಲ್ಲಿ ಎಲ್ಲಿಯೂ ಇರಲಿಲ್ಲ. ನಾನು ನಮ್ಮ ಸಾಲನ್ನಷ್ಟೇ ನೋಡುತ್ತಿದ್ದೆ. ಉಳಿಯುವ ಹೋರಾಟದಲ್ಲಿ ನಿಮ್ಮ ಪಾಯಿಂಟ್ ಎಷ್ಟು ಎಂಬುದು ಅರ್ಧ ಪ್ರಶ್ನೆ. ನಿಮಗಿಂತ ಕೆಳಗೆ ಮೂರು ತಂಡಗಳು ಇರುತ್ತವೆಯೇ ಎಂಬುದು ಪೂರ್ತಿ ಪ್ರಶ್ನೆ.

ಆ ನೋಟ್‌ಬುಕ್‌ನ ಚಿತ್ರ ತೆಗೆದು ಬಳಗಕ್ಕೆ ಹಾಕಿದೆ. ಅವನು "ಎವರ್ಟನ್ ಲೆಕ್ಕವನ್ನೂ ಹಾಕು" ಎಂದಷ್ಟೇ ಬರೆದ. ನಾನು "ಗೆದ್ದಾಗ ಮಾತ್ರ ಬರುವವರಿಗೆ ಇಲ್ಲಿ ಜಾಗವಿಲ್ಲ" ಎಂದು ಬರೆದು ಅವನನ್ನು ತೆಗೆದುಹಾಕಿದೆ. ತಂಡ ತಳದಲ್ಲಿದ್ದಾಗ ನನ್ನನ್ನು ಕರೆತಂದವನಿಗೆ ನಾನು ಹೇಳಿದ ಮಾತು ಅದು. ಉಳಿದವರು ಚಪ್ಪಾಳೆಯ ಚಿಹ್ನೆ ಹಾಕಿದರು.

ಆಮೇಲಿನ ಒಂಬತ್ತು ಲೀಗ್ ಪಂದ್ಯಗಳಲ್ಲಿ ನಮಗೆ ಸಿಕ್ಕಿದ್ದು ಒಂದು ಪಾಯಿಂಟ್. ಸೌತಾಂಪ್ಟನ್, ಪ್ಯಾಲೇಸ್, ಬೋರ್ನ್‌ಮೌತ್, ನಾನು ಮೂರು ಮೂರು ಬರೆದಿದ್ದ ಕಡೆಯೆಲ್ಲ ಸೋಲು. ಏಪ್ರಿಲ್ 2ರಂದು ಕೋಚ್ ಬ್ರೆಂಡನ್ ರಾಜರ್ಸ್ ಹೊರಟರು, ಡೀನ್ ಸ್ಮಿತ್ ಬಂದರು.

ಮೇ 1ರಂದು ಎವರ್ಟನ್ ಪಂದ್ಯ, ನಮ್ಮ ತವರಿನಲ್ಲಿ. 2–1ರ ಮುನ್ನಡೆ ನಮ್ಮದು. ವಿರಾಮಕ್ಕೆ ಸ್ವಲ್ಪ ಮೊದಲು ಪೆನಾಲ್ಟಿ ಸಿಕ್ಕಿತು. ಮ್ಯಾಡಿಸನ್ ಚೆಂಡನ್ನು ನಡುವಿಗೆ ಹೊಡೆದರು. ಎವರ್ಟನ್ ಗೋಲ್‌ಕೀಪರ್ ಪಿಕ್‌ಫೋರ್ಡ್ ಕದಲದೆ ನಿಂತು ತಡೆದರು. ಅವರ ನೀರಿನ ಬಾಟಲಿಯ ಮೇಲೆ ಮ್ಯಾಡಿಸನ್ ಹೆಸರಿನ ಮುಂದೆ ನಡುವಲ್ಲೇ ನಿಲ್ಲಬೇಕೆಂದು ಬರೆದಿತ್ತು ಎಂಬುದು ಆಮೇಲೆ ಗೊತ್ತಾಯಿತು. ವಿರಾಮದ ನಂತರ ಎವರ್ಟನ್‌ನ ಇವೋಬಿ ಗೋಲು, 2–2. ಬಳಗದಲ್ಲಿ ನಾನು "ಪರವಾಗಿಲ್ಲ, ನನ್ನ ಲೆಕ್ಕದ 1 ಬಂತು" ಎಂದು ಬರೆದೆ. ಕೊನೆಯಲ್ಲಿ ಎವರ್ಟನ್ 36, ನಾವು 34. ಆ ರಾತ್ರಿ ಗೆದ್ದಿದ್ದರೆ ಉಳಿದೆಲ್ಲ ಫಲಿತಾಂಶ ಇದ್ದ ಹಾಗೆಯೇ ಇದ್ದರೂ ನಾವು 36, ಅವರು 35. ಒಂದೇ ಪಂದ್ಯ. ನಾನು ಸಮಾಧಾನಪಟ್ಟುಕೊಂಡ ಆ ಡ್ರಾ ನಮ್ಮನ್ನು ಇಳಿಸಿತು.

ಮೇ 28ರ ಕೊನೆಯ ದಿನ ಒಬ್ಬನೇ ಕೂತಿದ್ದೆ. ಬಳಗದ ಚಪ್ಪಾಳೆಯವರು ಒಬ್ಬೊಬ್ಬರಾಗಿ ಮೌನವಾಗಿದ್ದರು. ಬಾರ್ನ್ಸ್ ಗೋಲು ಹೊಡೆದರು, ವಿರಾಮದ ಹೊತ್ತಿಗೆ ನಾವು 17ನೇ ಸ್ಥಾನದಲ್ಲಿದ್ದೆವು. ಆ ಹದಿನೈದು ನಿಮಿಷ ಮೊಬೈಲ್ ಕೈಯಲ್ಲಿ ಹಿಡಿದು ಅವನ ಹೆಸರು ತೆರೆದೆ, ಮುಚ್ಚಿದೆ. 57ನೇ ನಿಮಿಷದಲ್ಲಿ ಎವರ್ಟನ್‌ನ ಡುಕುರೆ ಬೋರ್ನ್‌ಮೌತ್ ವಿರುದ್ಧ ಗೋಲು ಹೊಡೆದರು. ವೆಸ್ಟ್ ಹ್ಯಾಮ್ ವಿರುದ್ಧ 2–1ರಿಂದ ಗೆದ್ದೂ ನಾವು ಇಳಿದೆವು. ಆ ದುಃಖವನ್ನು ಅರ್ಥ ಮಾಡಿಕೊಳ್ಳಬಲ್ಲ ಒಬ್ಬನೇ ಒಬ್ಬನನ್ನು ನಾನೇ ಹೊರಗೆ ಹಾಕಿದ್ದೆ.

ನಿಮ್ಮ ಉಳಿದ ಪ್ರಶ್ನೆಗಳಿಗೆ ಬರುತ್ತೇನೆ. "40 ಪಾಯಿಂಟ್ ಆದರೆ ಸಾಕಲ್ಲವೇ" ಎಂದಿದ್ದೀರಿ. ಆ ಸಂಖ್ಯೆಯನ್ನು ಮರೆತುಬಿಡಿ. 2002–03ರಲ್ಲಿ ವೆಸ್ಟ್ ಹ್ಯಾಮ್ 42 ಪಾಯಿಂಟ್ ಗಳಿಸಿಯೂ ಇಳಿಯಿತು. 2004–05ರಲ್ಲಿ ವೆಸ್ಟ್ ಬ್ರಾಮ್ 34 ಪಾಯಿಂಟ್‌ಗಳಿಗೆ ಉಳಿದುಕೊಂಡಿತು. ನಮಗೆ ಅದೇ 34 ಸಾಲಲಿಲ್ಲ.

"ನಮ್ಮವರು ಗೋಲು ಹೊಡೆಯುತ್ತಾರೆ, ಇಳಿಯುವ ತಂಡದ ಲಕ್ಷಣ ಇಲ್ಲ" ಎಂಬ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ಆ ಋತುವಿನಲ್ಲಿ ನಾವು 51 ಗೋಲು ಹೊಡೆದೆವು, 68 ಬಿಟ್ಟುಕೊಟ್ಟೆವು. ವುಲ್ವ್ಸ್ ಹೊಡೆದದ್ದು 31 ಗೋಲು ಮಾತ್ರ, 13ನೇ ಸ್ಥಾನದಲ್ಲಿ ನೆಮ್ಮದಿಯಾಗಿ ಮುಗಿಸಿತು. ನಮ್ಮ ಗೋಲ್‌ಕೀಪರ್ ಷ್ಮೈಕಲ್, ಡಿಫೆಂಡರ್ ಫೊಫಾನಾ ಇಬ್ಬರೂ ಋತುವಿನ ಆರಂಭದಲ್ಲೇ ಹೊರಟಿದ್ದರು. ಗೆಳೆಯ ಹೇಳುತ್ತಿದ್ದುದು ಅದನ್ನೇ. ಮುಂದಿನ ಮೂರು ಪಂದ್ಯಗಳಲ್ಲಿ ನಿಮ್ಮವರು ಎಷ್ಟು ಗೋಲು ಹೊಡೆದರು ಎಂದು ನೋಡಬೇಡಿ, ಮೊದಲ ಗೋಲು ಯಾರು ಬಿಟ್ಟುಕೊಟ್ಟರು ಎಂದು ನೋಡಿ.

ಕೋಚ್ ಬದಲಾಯಿಸಬೇಕೇ? ಬದಲಾಯಿಸುವುದಿದ್ದರೆ ಬೇಗ ಬದಲಾಯಿಸಬೇಕು. ಸ್ಮಿತ್ ಎಂಟು ಪಂದ್ಯಗಳಲ್ಲಿ 9 ಪಾಯಿಂಟ್ ತಂದರು, ಅದು ಕೆಟ್ಟ ಗಳಿಕೆ ಏನಲ್ಲ. ಹೊತ್ತು ಮೀರಿತ್ತು ಅಷ್ಟೇ. ಅದೇ ವರ್ಷ ಲೀಡ್ಸ್ ಕೊನೆಯ ನಾಲ್ಕು ಪಂದ್ಯಗಳಿಗೆ ಸ್ಯಾಮ್ ಅಲರ್ಡೈಸ್ ಅವರನ್ನು ಕರೆತಂದಿತು, ಸಿಕ್ಕಿದ್ದು ಒಂದು ಪಾಯಿಂಟ್. ಈ ವಿಷಯದಲ್ಲಿ ನನಗೆ ಇದಕ್ಕಿಂತ ಹೆಚ್ಚು ಹೇಳಲು ಇಲ್ಲ.

ಸಾಧ್ಯತೆ ನೂರಕ್ಕೆ ಎಷ್ಟು ಎಂದು ಕೇಳಿದ್ದೀರಿ. ನಾನು ಹೇಳುವುದಿಲ್ಲ. ನಾನು ಅರವತ್ತು ಎಂದರೆ ಅದನ್ನು ನೀವು ಆ ಗೆಳೆಯನ ಮುಖಕ್ಕೆ ಹಿಡಿಯುತ್ತೀರಿ, ನೋಟ್‌ಬುಕ್ ಹಿಡಿದ ನಾನೂ ಅದನ್ನೇ ಮಾಡಿದ್ದು. ಅವನು ನಿಮ್ಮ ತಂಡವನ್ನು ದ್ವೇಷಿಸುತ್ತಿಲ್ಲ. ಇಳಿಯುತ್ತೇವೆ ಎಂದು ಮೊದಲೇ ಹೇಳಿಕೊಂಡು ಆ ನೋವನ್ನು ಸ್ವಲ್ಪ ಸ್ವಲ್ಪವಾಗಿ ಈಗಲೇ ಅನುಭವಿಸುತ್ತಿದ್ದಾನೆ. ನೀವು ಉಳಿಯುತ್ತೇವೆ ಎಂದು ಜಪ ಮಾಡುವುದೂ ಅದೇ ಭಯದಿಂದ.

ಲೆಸ್ಟರ್ ಮರುವರ್ಷ 97 ಪಾಯಿಂಟ್‌ಗಳೊಂದಿಗೆ ಕೆಳಗಿನ ಲೀಗ್ ಆದ ಚಾಂಪಿಯನ್‌ಷಿಪ್ ಗೆದ್ದು ಮೇಲೆ ಬಂತು, 2025ರಲ್ಲಿ ಮತ್ತೆ ಇಳಿಯಿತು. ಆ ಮೇ 18ರಂದು ವಾರ್ಡಿ ಲೆಸ್ಟರ್ ಪರ ತಮ್ಮ 500ನೆಯ ಮತ್ತು ಕೊನೆಯ ಪಂದ್ಯ ಆಡಿ 200ನೇ ಗೋಲು ಹೊಡೆದರು. ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಎರಡು ವರ್ಷಗಳ ನಂತರ ಅವನಿಗೆ ಬರೆದೆ: "ನೋಡಿದೆಯಾ? ಎವರ್ಟನ್ ವಿಷಯದಲ್ಲಿ ನೀನು ಹೇಳಿದ್ದೇ ಸರಿ, ನನ್ನದು ತಪ್ಪು." ಮರುದಿನ ಉತ್ತರ ಬಂತು: "ನೋಡಿದೆ." ಅಷ್ಟೇ. ಅದಾದ ಮೇಲೆ ಮಾತು ಮುಂದುವರಿದಿಲ್ಲ.

ನಿಮ್ಮ ಮುಂದಿನ ಪಂದ್ಯ 17ನೇ ಸ್ಥಾನದಲ್ಲಿರುವ ತಂಡದ ಜೊತೆ ಎಂದು ಬರೆದಿದ್ದೀರಿ. ಗೆದ್ದರೆ ನಿಮಗೆ ಮೂರು ಬರುತ್ತದೆ, ಅವರಿಗೆ ಮೂರು ತಪ್ಪುತ್ತದೆ. ಅದು ಆರು ಪಾಯಿಂಟ್‌ಗಳ ಪಂದ್ಯ, ಡ್ರಾ ಆದರೆ ಯಾರಾದರೂ "ಪರವಾಗಿಲ್ಲ" ಎಂದರೆ ನಂಬಬೇಡಿ. ಅದನ್ನು ನೋಡಲು ಅವನನ್ನು ಕರೆಯಿರಿ. ಇಂದೇ ಫೋನ್ ಮಾಡಿ.