ಗುವಾಂಗ್‌ಝೌನ ಕಂಬದ ಬೀದಿಗೆ ಹೋಗಬಹುದಾ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ನಡೆಯುವ ವ್ಯಾಪಾರ ಮೇಳ ಕ್ಯಾಂಟನ್ ಫೇರ್‌ಗೆ ಹೋಗುತ್ತಿದ್ದೇವೆ, ಅರ್ಧ ದಿನ ಬಿಡುವಿದೆ. ಶಾಂಗ್‌ಶಿಯಾಜಿಯು ಅನ್ನೋ ಹಳೇ ಅಂಗಡಿ ಬೀದಿ ನೋಡಬಹುದಾ? ನಾವು ಸಸ್ಯಾಹಾರಿಗಳು.
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಖಂಡಿತ ಹೋಗಿ, ಆದರೆ ಶಾಪಿಂಗ್‌ಗೆ ಅಂತ ಹೋಗಬೇಡಿ. ಕೆಳಗಿನ ಅಂಗಡಿಗಳಲ್ಲಿ ಈಗ ಬಟ್ಟೆ, ಚಪ್ಪಲಿ, ಮೊಬೈಲ್ ಕವರ್ ಇಂಥವೇ ಜಾಸ್ತಿ. ನೋಡಬೇಕಾದ್ದು ತಲೆಯ ಮೇಲಿದೆ. ಇಲ್ಲಿನ ಕಟ್ಟಡಗಳಿಗೆ ಚಿಲೌ ಅಂತಾರೆ: ಮೇಲಿನ ಮಹಡಿ ಫುಟ್‌ಪಾತ್ ಮೇಲೆ ಚಾಚಿಕೊಂಡು ಕಂಬಗಳ ಮೇಲೆ ನಿಂತಿರುತ್ತದೆ, ಹಾಗಾಗಿ ಬಿಸಿಲಿರಲಿ, ಈ ಊರಿನ ದಿಢೀರ್ ಮಳೆ ಬರಲಿ, ಗಿರಾಕಿಗಳು ನೆನೆಯದೆ ಅಂಗಡಿಯಿಂದ ಅಂಗಡಿಗೆ ಓಡಾಡಬಹುದು. 1920ರ ದಶಕದಲ್ಲಿ ರಸ್ತೆ ಅಗಲ ಮಾಡುವಾಗ ಇಂಥವು ಊರ ತುಂಬ ಎದ್ದವು. ಕಿಟಕಿ, ಗಾರೆ ಕೆಲಸದಲ್ಲಿ ಯುರೋಪಿನ ಛಾಯೆ ಕಾಣುತ್ತದೆ.

ಮೆಟ್ರೋ ಒಂದನೇ ಲೈನಿನ ಚಾಂಗ್‌ಶೌ ಲು ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಮಧ್ಯಾಹ್ನವೇ ಹೊರಡಿ, ಯಾಕಂದ್ರೆ ಪಕ್ಕದಲ್ಲೇ ಇರುವ ಹುವಾಲಿನ್ ದೇವಾಲಯ ಬಿಡಬಾರದು. ದಕ್ಷಿಣ ಭಾರತದಿಂದ ಹಡಗಿನಲ್ಲಿ ಬಂದ ಬೌದ್ಧ ಭಿಕ್ಷು ಬೋಧಿಧರ್ಮ ಇಲ್ಲೇ ದಡ ಸೇರಿದ ಅಂತ ಅಲ್ಲಿನವರ ನಂಬಿಕೆ. ನಮ್ಮ ಕಡೆಯವನೇ ಅಲ್ವಾ! ಒಳಗೆ 500 ಅರ್ಹತರ (ಜ್ಞಾನ ಪಡೆದ ಬೌದ್ಧ ಸಾಧಕರ) ಮೂರ್ತಿಗಳಿವೆ.

ಊಟದ್ದೇ ಸ್ವಲ್ಪ ತೊಂದರೆ. ಬರೀ ತರಕಾರಿ ಅಂದರೂ ಹಂದಿ ಕೊಬ್ಬು, ಒಣ ಸೀಗಡಿ ಸೇರಿರಬಹುದು. ಶುಂಠಿ ರಸಕ್ಕೆ ಬಿಸಿ ಹಾಲು ಸುರಿದು ಹೆಪ್ಪುಗಟ್ಟಿಸುವ ಸಿಹಿ ತಿನ್ನಿ, ನಮ್ಮ ಗಿಣ್ಣಿನ ಹಾಗಿರುತ್ತದೆ. ಅದರ ಜೊತೆಗೇ ಮಾರುವ ‘ಎರಡು ಕೆನೆ’ ಹಾಲಿನ ಸಿಹಿಗೆ ಮೊಟ್ಟೆಯ ಬಿಳಿ ಹಾಕುತ್ತಾರೆ, ಹುಷಾರು. ಹೊರಡುವ ಮೊದಲೇ ಅಲಿಪೇ ಆ್ಯಪ್‌ಗೆ ನಿಮ್ಮ ಕಾರ್ಡ್ ಜೋಡಿಸಿಕೊಳ್ಳಿ, ಸಣ್ಣ ಅಂಗಡಿಯಲ್ಲೂ ಕೋಡ್ ಸ್ಕ್ಯಾನ್ ಮಾಡಿಯೇ ದುಡ್ಡು ಕೊಡೋದು.