ಜೆಟ್ ಮಾಡೆಲ್‌ನ ಚಕ್ರದ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೇ? ಸರ್ವೋ ಬದಲಿಸುವ ಮೊದಲು ಬಿಜಾಗರಿ ನೋಡಿ

ರಿಮೋಟ್‌ನಲ್ಲಿ ಹಾರಿಸುವ ನಿಮ್ಮ ಫೈಬರ್‌ಗ್ಲಾಸ್ ಎಫ್-16 ಯುದ್ಧವಿಮಾನದ ಮಾಡೆಲ್‌ನಲ್ಲಿ ಮುಖ್ಯ ಚಕ್ರದ ಬಾಗಿಲು ಮುಚ್ಚಿದಾಗ ಒಂದು ಮೂಲೆ 2 ಮಿ.ಮೀ. ಎದ್ದು ನಿಲ್ಲುತ್ತದೆ, ಸರ್ವೋ (ಬಾಗಿಲನ್ನು ಎಳೆಯುವ ಪುಟ್ಟ ಮೋಟರ್) ಗುಂಯ್‌ಗುಡುತ್ತಲೇ ಇರುತ್ತದೆ, ಇನ್ನೂ ಬಲವಾದ ಸರ್ವೋ ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ನಾನು ಅದನ್ನೇ ಮಾಡಿದ್ದೆ. ಹೊಸ ಸರ್ವೋ ಬಾಗಿಲನ್ನು ಜಗ್ಗಿ ಮುಚ್ಚಿತು, ನೋಡಲು ಚೆನ್ನಾಗಿಯೇ ಇತ್ತು. ಐದನೇ ಹಾರಾಟದಲ್ಲಿ ಹಾರ್ನ್ (ಸರ್ವೋದ ಕಡ್ಡಿ ಸಿಕ್ಕಿಸಲು ಬಾಗಿಲಿಗೆ ಅಂಟಿಸಿದ ಪುಟ್ಟ ಕೊಂಬು) ಬಾಗಿಲಿನಿಂದ ಕಿತ್ತುಬಂತು. ಬಾಗಿಲು ಅರ್ಧಕ್ಕೆ ಸಿಕ್ಕಿಕೊಂಡು ವಿಮಾನದ ಬಲಬದಿಯ ಚಕ್ರದ ಕಾಲು ಹೊರಗೆ ಬರಲೇ ಇಲ್ಲ. ಹುಲ್ಲಿನ ಮೇಲೆ ಹೊಟ್ಟೆ ಕೊಟ್ಟು ಇಳಿಸಬೇಕಾಯಿತು. ಆರು ತಿಂಗಳ ಕೆಲಸ ಒಂದು ನಿಮಿಷದಲ್ಲಿ ಹೋಯಿತು, ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಮೊದಲು ಸರ್ವೋವನ್ನು ಬಾಗಿಲಿಗೆ ಜೋಡಿಸುವ ಕಡ್ಡಿ, ಅಂದರೆ ಪುಶ್‌ರಾಡ್ ಬಿಚ್ಚಿ. ವಿಮಾನವನ್ನು ಮಗುಚಿ, ಮತ್ತೆ ನೇರ ಮಾಡಿ. ಬಾಗಿಲು ತನ್ನ ತೂಕಕ್ಕೇ ಎರಡೂ ಕಡೆ ಸಲೀಸಾಗಿ ಬೀಳಬೇಕು. ಎಲ್ಲಾದರೂ ತಡೆದರೆ ಬಿಜಾಗರಿಗಳು ಒಂದೇ ಗೆರೆಯಲ್ಲಿಲ್ಲ ಎಂದರ್ಥ. ಸಲೀಸಾಗಿ ಬಿದ್ದು, ಬೆರಳಿನಿಂದ ಒತ್ತಿದಾಗ ಮೂಲೆಯೂ ಮಟ್ಟವಾಗಿ ಕೂತರೆ ಬಿಜಾಗರಿ ಸರಿಯಿದೆ; ಹಾರ್ನ್ ಒಂದು ತುದಿಗೆ ಇರುವುದರಿಂದ ಬಾಗಿಲು ತಿರುಚಿಕೊಳ್ಳುತ್ತಿದೆ. ಆಗ ಹಾರ್ನ್ ನಡುವಿಗೆ ತಂದು, ಬಾಗಿಲಿನ ಒಳಮೈಗೆ ಮೂಲೆಯಿಂದ ಎದುರು ಮೂಲೆಗೆ ಕಾರ್ಬನ್ ಪಟ್ಟಿ ಅಂಟಿಸಿದರೆ ಸಾಕು. ಆದರೆ ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಬಿಜಾಗರಿಯ ಮೇಲೆಯೇ ಅನುಮಾನ. ಎರಡು ಬಿಜಾಗರಿಗಳ ನಡುವೆ ಒಂದು ಮಿ.ಮೀ. ಓರೆಯಿದ್ದರೂ ಇಷ್ಟು ತೆಳು ಬಾಗಿಲು ತಿರುಚಿಕೊಳ್ಳುತ್ತದೆ.

ಬಾಗಿಲು ತೆರೆದಿಟ್ಟು ಬಿಜಾಗರಿ ಅಂಟಿಸಿ, ಆಮೇಲೆ ಮುಚ್ಚಿ ನೋಡುವುದು ಹೆಚ್ಚಿನವರ ಕ್ರಮ. ತಪ್ಪು ಅಲ್ಲೇ ಆಗುತ್ತದೆ. ಬಾಗಿಲು ಮುಚ್ಚಿದ ಸ್ಥಿತಿಯಲ್ಲೇ ಅಂಟಿಸಬೇಕು. ಹಳೆಯ ಬಿಜಾಗರಿಗೆ ಸೋಲ್ಡರಿಂಗ್ ಐರನ್ ಮುಟ್ಟಿಸಿ, ಕಾವಿಗೆ ಎಪಾಕ್ಸಿ ಅಂಟು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ. ಹಂಸದ ಕತ್ತಿನಂತೆ ಬಾಗಿದ ಬಿಜಾಗರಿಯೇ ಇರಲಿ. ಬಾಗಿಲನ್ನು ಮೊದಲು ಹೊರಕ್ಕೆ ಎತ್ತಿ ಆಮೇಲೆ ತಿರುಗಿಸುವುದರಿಂದ ಅಂಚು ಪಕ್ಕದ ಮೈಗೆ ಉಜ್ಜುವುದಿಲ್ಲ. ಅಂಟಿಸುವ ಜಾಗವನ್ನು 80 ನಂಬರಿನ ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಿ. ಎಲ್ಲಾ ಬಿಜಾಗರಿಗಳ ತೂತಿನಲ್ಲೂ ಒಂದೇ ಉದ್ದನೆಯ ಸ್ಟೀಲ್ ತಂತಿ ಪೋಣಿಸಿ. ಇಡೀ ಕೆಲಸದ ಜೀವ ಈ ತಂತಿಯಲ್ಲಿದೆ. ತಿರುಗುವ ಕಡೆಗಳಿಗೆಲ್ಲ ವ್ಯಾಸಲೀನ್ ಸವರಿ, ಎಪಾಕ್ಸಿ ಹತ್ತುವುದಿಲ್ಲ. ಬಾಗಿಲನ್ನು ಅದರ ಜಾಗದಲ್ಲಿ ಕೂರಿಸಿ, ಸುತ್ತಲಿನ ಸಂದಿಗೆ ವಿಸಿಟಿಂಗ್ ಕಾರ್ಡಿನ ಚೂರುಗಳನ್ನು ಎರಡು ಮೂರು ಪದರವಾಗಿ ತುರುಕಿ, ಹೊರಗಿನಿಂದ ಟೇಪ್ ಬಿಗಿಯಿರಿ. ಬಣ್ಣ ಹಚ್ಚಿದ ಮೇಲೂ ಅಷ್ಟು ಸಂದು ಬೇಕೇ ಬೇಕು. ಈಗ ಮೇಲಿನ ಹ್ಯಾಚ್‌ನಿಂದ ಕೈ ಹಾಕಿ ಒಳಗಿನಿಂದ ಅಂಟಿಸಿ. ನಿಧಾನ ಗಟ್ಟಿಯಾಗುವ ಎಪಾಕ್ಸಿ ಬಳಸಿ, 24 ಗಂಟೆ ಮುಟ್ಟಬೇಡಿ. ಐದು ನಿಮಿಷದ ಎಪಾಕ್ಸಿಯನ್ನು ಈ ಜಾಗಕ್ಕೆ ನಾನು ನಂಬುವುದಿಲ್ಲ.

ಸರ್ವೋ ಗುಂಯ್‌ಗುಡುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಸೈಕಲ್ ಪೆಡಲ್ ತೀರಾ ಕೆಳಗಿದ್ದಾಗ ಅದನ್ನು ಎಷ್ಟು ತುಳಿದರೂ ಚಕ್ರ ತಿರುಗುವುದಿಲ್ಲ, ಅಲ್ಲವೇ? ಬಾಗಿಲು ಮುಚ್ಚಿದಾಗ ಸರ್ವೋ ತೋಳೂ ಪುಶ್‌ರಾಡೂ ಹಾಗೆಯೇ ಒಂದೇ ನೇರಕ್ಕೆ ಬರಬೇಕು. ಆಗ ಗಾಳಿ ಬಾಗಿಲನ್ನು ಎಷ್ಟೇ ಎಳೆದರೂ ಸರ್ವೋಗೆ ಭಾರ ಬೀಳುವುದಿಲ್ಲ. ಹೀಗೆ ಹೊಂದಿಸಿದರೆ ಸಾಮಾನ್ಯ ಮೆಟಲ್ ಗೇರ್ ಸರ್ವೋ ಧಾರಾಳ ಸಾಕು.

ಬಾಗಿಲು, ಚಕ್ರ ಯಾವುದು ಮೊದಲು ಚಲಿಸಬೇಕೆಂದು ನಡೆಸುವ ಸಾಧನ, ಅಂದರೆ ಸೀಕ್ವೆನ್ಸರ್ ಬೇಕೇ ಎಂದೂ ಕೇಳಿದ್ದೀರಿ. ಎಫ್-16ಕ್ಕೆ ಬೇಡ. ಯಲಹಂಕದ ಏರೋ ಇಂಡಿಯಾಕ್ಕೆ ಎಫ್-16 ಬಂದಾಗ ಗಮನಿಸಿದವರಿಗೆ ಗೊತ್ತಿರುತ್ತದೆ, ಚಕ್ರ ಕೆಳಗಿರುವಷ್ಟು ಹೊತ್ತೂ ಅದರ ಬಾಗಿಲು ತೆರೆದೇ ಇರುತ್ತದೆ. ಚಕ್ರ ಇಳಿದ ಮೇಲೆ ಒಳಬಾಗಿಲು ಮತ್ತೆ ಮುಚ್ಚಿಕೊಳ್ಳುವ ಪಿ-51 ಮಸ್ಟಾಂಗ್‌ನಂಥ ವಿಮಾನಕ್ಕಾದರೆ ಬೇಕು. ನಿಮಗೆ ಟ್ರಾನ್ಸ್‌ಮಿಟರ್‌ನಲ್ಲಿರುವ (ಕೈಯಲ್ಲಿ ಹಿಡಿಯುವ ರಿಮೋಟ್‌ನಲ್ಲಿರುವ) ಡಿಲೇ, ಅಂದರೆ ತಡ ಮಾಡಿಸುವ ಸೌಲಭ್ಯ ಸಾಕು: ಇಳಿಸುವಾಗ ಮೊದಲು ಬಾಗಿಲು, ಆಮೇಲೆ ಕಾಲು, ಎತ್ತುವಾಗ ಮೊದಲು ಕಾಲು, ಆಮೇಲೆ ಬಾಗಿಲು. ಕಾಲು ಪೂರ್ತಿ ಮಡಚಲು ಎಷ್ಟು ಸೆಕೆಂಡ್ ಬೇಕೆಂದು ಮೊಬೈಲ್‌ನಲ್ಲಿ ಅಳೆದು, ಅದಕ್ಕೆ ಒಂದು ಸೆಕೆಂಡ್ ಸೇರಿಸಿ. ಕಾಲು ಅರ್ಧ ಮಡಚಿದಾಗ ಸ್ವಿಚ್ ವಾಪಸ್ ಹಾಕಿದರೆ ಏನಾಗುತ್ತದೆ ಎಂಬುದನ್ನು ಸ್ಟ್ಯಾಂಡ್ ಮೇಲೆಯೇ ನೋಡಿಕೊಳ್ಳಿ. ಬ್ಯಾಟರಿ ಜೋಡಿಸುವ ಮೊದಲು ಗೇರ್ ಸ್ವಿಚ್ (ಕಾಲು ಇಳಿಸಿ ಎತ್ತುವ ಸ್ವಿಚ್) ಕೆಳಗೇ, ಅಂದರೆ ಇಳಿಸುವ ಕಡೆಗೇ ಇರಬೇಕು. ಇಲ್ಲದಿದ್ದರೆ ಇಳಿದ ಕಾಲಿನ ಮೇಲೆ ಬಾಗಿಲು ಅಪ್ಪಳಿಸಬಹುದು.

ಮುಂದಿನ ಚಕ್ರದ ಕಡೆಯೂ ಒಂದು ಕಣ್ಣಿರಲಿ. ಎಫ್-16ರಲ್ಲಿ ಅದು ಹಿಂದಕ್ಕೆ ಮಡಚುತ್ತಾ 90 ಡಿಗ್ರಿ ತಿರುಗಿ, ಗಾಳಿ ಎಳೆಯುವ ಕೊಳವೆಯ ಕೆಳಗೆ ಅಡ್ಡಡ್ಡ ಮಲಗುತ್ತದೆ. ನಿಮ್ಮ ಕಿಟ್‌ನಲ್ಲೂ ಹೀಗೆಯೇ ಇದ್ದರೆ, ಮಕ್ಕಳ ಆಟದ ಜೇಡಿಯನ್ನು ಆ ಬಾಗಿಲಿನ ಒಳಗೆ ಮೆತ್ತಿ, ಕಾಲು ಮಡಚಿ, ಬಾಗಿಲನ್ನು ಕೈಯಿಂದ ಮುಚ್ಚಿ ತೆರೆಯಿರಿ. ಟೈರಿನ ಅಚ್ಚು ಬಿದ್ದ ಕಡೆ ಉಳಿದ ಜೇಡಿ 3 ಮಿ.ಮೀ.ಗಿಂತ ತೆಳುವಾಗಿದ್ದರೆ ಟೈರು ಬಾಗಿಲಿಗೆ ತೀರಾ ಹತ್ತಿರವಿದೆ ಎಂದೇ ತಿಳಿಯಿರಿ.

ಪುಶ್‌ರಾಡ್ ಬಿಚ್ಚಿ ನೋಡಿದಾಗ ಬಾಗಿಲು ಎಲ್ಲಿ ತಡೆಯಿತು, ಎದ್ದಿರುವ ಮೂಲೆ ಮುಂದಿನದೋ ಹಿಂದಿನದೋ ಇಲ್ಲಿ ಬರೆಯಿರಿ. ಯಾವ ಬಿಜಾಗರಿ ಕೀಳಬೇಕು ಎಂದು ಹೇಳುತ್ತೇನೆ. ಬಹುಶಃ ಎರಡನ್ನೂ ಕೀಳಬೇಕಾಗದು.