ಕಾಲು ಕಳೆದುಕೊಂಡವರ ಮುಂದೆ ಹೇಳಿದ ಸ್ತೋತ್ರ

ಪ್ರಿಯ ಸಹೋದರಿಯವರಿಗೆ ಕ್ರಿಸ್ತನಲ್ಲಿ ವಂದನೆಗಳು.

ನಮ್ಮ ಪತ್ರಿಕೆಗೆ ನೀವು ಕಳುಹಿಸಿದ ‘ದಿನಕ್ಕೊಂದು ಸ್ತೋತ್ರ’ ಎಂಬ ಲೇಖನವನ್ನು ಎರಡು ಬಾರಿ ಓದಿದೆ. ಭಾಷೆ ಶುದ್ಧವಾಗಿದೆ, ಸುಗ್ಗಿ ಹಬ್ಬದಂದು ಬಾಳೆಗೊನೆ ಹೊತ್ತು ದೇವಾಲಯಕ್ಕೆ ಬರುವ ಅಜ್ಜನ ಚಿತ್ರ ಚೆನ್ನಾಗಿದೆ. ಆದರೆ ಮೂರನೆಯ ಪುಟದ ಒಂದು ವಾಕ್ಯ ನನ್ನನ್ನು ಮುಂದೆ ಹೋಗಗೊಡಲಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಕಾಲು ಕಳೆದುಕೊಂಡ ಮಹಿಳೆಯೊಬ್ಬರನ್ನು ಕಂಡದ್ದನ್ನು ಹೇಳಿ, ‘ಆಗ ನನ್ನ ಎರಡು ಕಾಲುಗಳಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸಿದೆ’ ಎಂದು ಬರೆದಿದ್ದೀರಿ. ಆ ‘ಆಗ’ ಎಂಬ ಪದವನ್ನು ನೋಡಿ. ನಿಮ್ಮ ಕಾಲುಗಳು ಬೆಳಿಗ್ಗೆ ಎದ್ದಾಗಲೂ ಇದ್ದವು; ಸ್ತೋತ್ರ, ಅಂದರೆ ದೇವರಿಗೆ ಹೇಳುವ ಕೃತಜ್ಞತೆ, ಹುಟ್ಟಿದ್ದು ಮಾತ್ರ ಇನ್ನೊಬ್ಬರಿಗೆ ಅವು ಇಲ್ಲವೆಂದು ಕಂಡ ಮೇಲೆ. ಬೈಬಲಿನ ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಪ್ರಾರ್ಥಿಸಲು ಹೋದ ಫರಿಸಾಯನು, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನು, ದೇವರಲ್ಲಿ ಏನನ್ನೂ ಬೇಡುವುದಿಲ್ಲ. ತಾನು ಉಳಿದ ಜನರಂತಲ್ಲ, ಅಲ್ಲಿ ನಿಂತಿರುವ, ಜನರು ಪಾಪಿಯೆಂದು ಕಾಣುತ್ತಿದ್ದ ಆ ಸುಂಕ ವಸೂಲಿಯವನಂತಲ್ಲ ಎಂದು ಸ್ತೋತ್ರವನ್ನೇ ಸಲ್ಲಿಸುತ್ತಾನೆ. ಆದರೂ ನೀತಿವಂತನೆಂದು ನಿರ್ಣಯ ಹೊಂದಿ ಮನೆಗೆ ಹೋದವನು ಅವನಲ್ಲ. ನಿಮ್ಮ ಮನಸ್ಸಿನಲ್ಲಿ ಆ ಅಹಂಕಾರವಿಲ್ಲವೆಂದು ಬಲ್ಲೆ, ಆದರೆ ವಾಕ್ಯದ ಕಟ್ಟು ಅವನದೇ. ‘ನಮಗಿಂತ ಕಷ್ಟದಲ್ಲಿರುವವರನ್ನು ನೋಡುವುದೇ ಕೃತಜ್ಞತೆಯ ಮೊದಲ ಪಾಠ’ ಎಂಬ ಮುಂದಿನ ವಾಕ್ಯವಂತೂ ಅದನ್ನು ನಿಯಮವನ್ನಾಗಿಯೇ ಮಾಡಿಬಿಡುತ್ತದೆ. ಹಾಗಾದರೆ ಅದೇ ವಾರ್ಡಿನ ಕೊನೆಯ ಮಂಚದಲ್ಲಿ ಮಲಗಿರುವವರು, ತಮಗಿಂತ ಕಷ್ಟದವರು ಯಾರೂ ಕಾಣದವರು, ಯಾರನ್ನು ನೋಡಿ ಸ್ತೋತ್ರ ಹೇಳಬೇಕು?

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ಇಪ್ಪತ್ತಮೂರರ ವಯಸ್ಸಿನಲ್ಲಿ ಸಭಾ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ನಾನು, ನಮ್ಮ ಬೀದಿಯ ಅಂಧ ಹಿರಿಯರೊಬ್ಬರನ್ನು ಕುರಿತು ಇಂಥದೇ ಧ್ಯಾನವೊಂದನ್ನು ಬರೆದು ಸಂಪಾದಕರ ಮೇಜಿನ ಮೇಲಿಟ್ಟಿದ್ದೆ. ಅವರು ಒಂದಕ್ಷರವನ್ನೂ ತಿದ್ದದೆ, ‘ಮೊದಲು ಅವರಿಗೇ ಇದನ್ನು ಓದಿ ಹೇಳಿ ಬಾ, ಆಮೇಲೆ ಅಚ್ಚಿಗೆ ಕಳುಹಿಸೋಣ’ ಎಂದರು. ಆ ಭಾನುವಾರ ಆರಾಧನೆ ಮುಗಿಸಿ ಅವರ ಮನೆಗೆ ಹೋದೆ. ಓದಲಾಗಲಿಲ್ಲ. ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು, ಅವರು ಬಾಯಿಪಾಠವಾಗಿ ಹೇಳಿದ ಬೈಬಲಿನ 136ನೆಯ ಕೀರ್ತನೆಯನ್ನು ಕೇಳುತ್ತಾ ಕುಳಿತೆ. ಆತನ ಕೃಪೆ ಶಾಶ್ವತ ಎಂಬ ಪಲ್ಲವಿ ಅದರ 26 ವಚನಗಳಲ್ಲೂ ಮರಳಿ ಬರುತ್ತದೆ. ಆರಂಭದ ಕರೆಯನ್ನು ದಾಟಿದರೆ ಮುಂದೆ ಸೂರ್ಯ, ಚಂದ್ರ, ಕೆಂಪು ಸಮುದ್ರ, ಸೋತ ಅರಸರಾದ ಸೀಹೋನ, ಓಗ, ಕೊನೆಗೆ ಎಲ್ಲ ಜೀವಿಗಳ ಆಹಾರ ಎಂದು ಒಂದೊಂದನ್ನೂ ಹೆಸರು ಹಿಡಿದೇ ನೆನೆಯುತ್ತದೆ. ಹಗಲನ್ನಾಳಲು ಸೂರ್ಯನನ್ನು ಮಾಡಿದವನಿಗೆ ಕೊಂಡಾಟ ಸಲ್ಲಿಸುವ ಸಾಲನ್ನು ಅವರು ಉಳಿದ ಸಾಲುಗಳಷ್ಟೇ ಸಂತೋಷದಿಂದ ಹೇಳಿದರು. ನನ್ನ ಲೇಖನ ಅಚ್ಚಾಗಲಿಲ್ಲ.

ನಿಮ್ಮ ಬರಹದಲ್ಲಿ ಐದು ಸಲ ಬಂದಿರುವ ‘ಅಸಂಖ್ಯಾತ ಉಪಕಾರಗಳಿಗಾಗಿ’ ಎಂಬ ಮಾತು ನನಗೆ ಸಾಲದೆನಿಸುವುದು ಇದರಿಂದಲೇ. ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡವೆಂದು 103ನೆಯ ಕೀರ್ತನೆಕಾರನು ತನ್ನ ಮನಸ್ಸಿಗೇ ಹೇಳಿಕೊಳ್ಳುತ್ತಾನೆ. ಅಸಂಖ್ಯಾತ ಎಂದುಬಿಟ್ಟರೆ ಒಂದನ್ನೂ ನೆನೆಯದೆ ದಾಟಿಹೋಗಬಹುದು.

ಆ ಮಹಿಳೆ ನಿಮ್ಮ ಕೈ ಹಿಡಿದು ‘ತಾವೂ ಸ್ತೋತ್ರ ಸಲ್ಲಿಸಿದರು’ ಎಂದು ಅರ್ಧ ಸಾಲು ಬರೆದು ಮುಂದೆ ಸಾಗಿದ್ದೀರಿ. ಯಾವುದಕ್ಕಾಗಿ ಸಲ್ಲಿಸಿದರು? ನೆನಪಿದ್ದರೆ ಅದನ್ನು ಅವರ ಮಾತುಗಳಲ್ಲೇ ಬರೆದು, ನಿಮ್ಮ ಕಾಲುಗಳ ಪರಿಚ್ಛೇದವನ್ನು ತೆಗೆದು, ತಿಂಗಳ ಕೊನೆಯೊಳಗೆ ಕಳುಹಿಸಿ. ನೆನಪಿಲ್ಲದಿದ್ದರೆ ಇನ್ನೊಮ್ಮೆ ಹೋಗಿ ಅವರನ್ನು ಕಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ಕಾದಿರಿಸುತ್ತೇನೆ.